ಸಾಗರದಿಂದ ಸೈಕಲ್ ಮೇಲೆ: ಮೂರು ರಾಜಧಾನಿ, ನಾಲ್ಕು ದಿನ

ಪ್ರಶ್ನೆ: ನಾನು, ನನ್ನ ಹೆಂಡತಿ ಬೆಂಗಳೂರಿನಲ್ಲಿದ್ದೇವೆ. ಇಬ್ಬರಿಗೂ 45 ದಾಟಿದೆ. ಭಾನುವಾರ 40-50 ಕಿ.ಮೀ. ಸೈಕಲ್ ಹೊಡೆಯುವ ಅಭ್ಯಾಸ ಇದೆ. ನಮ್ಮದು ಗೇರ್ ಇರುವ ಹೈಬ್ರಿಡ್ ಸೈಕಲ್. ಸಾಗರದಿಂದ ಹೊರಟು ನಾಲ್ಕು ದಿನ ಸುತ್ತಬೇಕು ಅಂತ ಆಸೆ. ಕಾಡೂ ಬೇಕು, ಹಳೆಯ ದೇವಸ್ಥಾನ, ಕೋಟೆಗಳೂ ಬೇಕು. ಎಲ್ಲರೂ ಜೋಗದ ಕಡೆಗೇ ಹೋಗಿ ಅನ್ನುತ್ತಾರೆ. ಯಾವ ದಾರಿ ಒಳ್ಳೆಯದು? ಯಾವ ತಿಂಗಳು? ಏನೇನು ಎಚ್ಚರಿಕೆ ಬೇಕು?

ಉತ್ತರ:

ಜೋಗದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ. ಅದರಲ್ಲಿ ತಾಳಗುಪ್ಪದವರೆಗಿನ ದಾರಿ ಬೆಂಗಳೂರು-ಹೊನ್ನಾವರ ಹೆದ್ದಾರಿ. ಲಾರಿ ಜಾಸ್ತಿ, ರಜೆ ದಿನ ಕಾರುಗಳು ಇನ್ನೂ ಜಾಸ್ತಿ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಬಸ್ಸು ಸಾಕು. ಸೈಕಲ್‌ಗೆ ಸಾಗರದ ಸುತ್ತ ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿಗಳಿವೆ.

ನಾನು ಹೇಳುವ ದಾರಿ ಕೆಳದಿ ಅರಸರ ಮೂರು ರಾಜಧಾನಿಗಳನ್ನು ಅವರು ಬದಲಾಯಿಸಿದ ಕ್ರಮದಲ್ಲೇ ಹಿಡಿದು ಹೋಗುವ ದಾರಿ. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಬಿದನೂರನ್ನು ಈಗ ನಗರ ಅಂತ ಕರೆಯುತ್ತಾರೆ, ಹೊಸನಗರ ತಾಲ್ಲೂಕಿನಲ್ಲಿದೆ. 1499ರಿಂದ 1763ರವರೆಗೆ ಈ ಮನೆತನ ಮಲೆನಾಡನ್ನು ಆಳಿತು, ಕರಾವಳಿಯ ದೊಡ್ಡ ಭಾಗವನ್ನೂ ಆಳಿತು. ಕಾರಿನಲ್ಲಾದರೆ ಮೂರೂ ಊರನ್ನು ಒಂದೇ ದಿನ ನೋಡಿ ಮುಗಿಸಬಹುದು. ಆದರೆ ರಾಜಧಾನಿ ಯಾಕೆ ಬಯಲಿನಿಂದ ಮಲೆಯ ಒಳಕ್ಕೆ ಸರಿಯುತ್ತಾ ಹೋಯಿತು ಅನ್ನೋದು ಕಾರಿನಲ್ಲಿ ಗೊತ್ತಾಗುವುದಿಲ್ಲ. ಪೆಡಲ್ ತುಳಿಯುವ ಕಾಲಿಗೆ ಅದು ಗೊತ್ತಾಗುತ್ತದೆ. ಮೊದಲ ದಿನ ನೆಲ ಸಲೀಸು. ಎರಡನೇ ದಿನ ಏರಿಳಿತ. ಮೂರನೇ ದಿನ ಮಲೆಯ ನಡುವೆಯೇ ಇರುತ್ತೀರಿ. ಒಟ್ಟು ದೂರ 200 ಕಿ.ಮೀ. ಆಸುಪಾಸು. ನಿಮ್ಮ ಅಭ್ಯಾಸಕ್ಕೆ ಇದು ಹಿಡಿಸುತ್ತದೆ.

ಮೊದಲ ದಿನ ಸಾಮಾನನ್ನು ಸಾಗರದಲ್ಲೇ ಬಿಟ್ಟು ಬರೀ ಸೈಕಲ್‌ನಲ್ಲಿ ಹೊರಡಿ. ಬೆಳಗ್ಗೆ ಗಣಪತಿ ಕೆರೆಯ ಪಕ್ಕ ಹಾದು ಹೋಗಿ. ಆ ಕೆರೆಯ ಹಳೆಯ ಹೆಸರು ಸದಾಶಿವಸಾಗರ. ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆ ಅದು, ಊರಿಗೆ ಸಾಗರ ಅನ್ನುವ ಹೆಸರು ಬಂದಿದ್ದೂ ಅದರಿಂದಲೇ. ಅಲ್ಲಿಂದ ಉತ್ತರಕ್ಕೆ ಸುಮಾರು 8 ಕಿ.ಮೀ. ಹೋದರೆ ಕೆಳದಿ. ಗದ್ದೆ, ಕೆರೆ, ನಡುನಡುವೆ ಅಡಿಕೆ ತೋಟ. ದೊಡ್ಡ ಚಡಾವು ಒಂದೂ ಇಲ್ಲ. ರಾಮೇಶ್ವರ ಮತ್ತು ವೀರಭದ್ರ ದೇವಸ್ಥಾನಗಳು ಒಂದೇ ಅಂಗಳದಲ್ಲಿವೆ. ವೀರಭದ್ರನ ಗುಡಿಯಲ್ಲಿ ತಲೆ ಎತ್ತಿ ಛಾವಣಿ ನೋಡಿ. ಅಲ್ಲಿ ಕೆತ್ತಿರುವ ಗಂಡಭೇರುಂಡವನ್ನು ನೋಡದೆ ಬರಬೇಡಿ. ಹತ್ತಿರದ ಮ್ಯೂಸಿಯಂನಲ್ಲಿ ತಾಳೆಗರಿ, ಹಳೆಯ ಕಡತ, ಆಯುಧ, ನಾಣ್ಯಗಳಿವೆ. ಅದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ.

ವಾಪಸ್ ಸಾಗರಕ್ಕೆ ಬಂದು ಊಟ ಮಾಡಿ, ಬಿಸಿಲು ಇಳಿದ ಮೇಲೆ ಇಕ್ಕೇರಿಗೆ ಹೊರಡಿ. ಅದು ಇನ್ನೊಂದು ದಿಕ್ಕಿಗೆ, 6 ಕಿ.ಮೀ. ಆಸುಪಾಸು. ಇಲ್ಲಿ ಮಾತ್ರ ಅವಸರ ಮಾಡಬೇಡಿ. ಅಘೋರೇಶ್ವರ ದೇವಸ್ಥಾನ ಹೊರಗಿನಿಂದ ಗಟ್ಟಿ ಕೋಟೆಯ ಹಾಗೆ ಕಾಣುತ್ತದೆ. ಕಲ್ಲು ಕಣಶಿಲೆ, ಮಳೆ ಎಷ್ಟು ಬಿದ್ದರೂ ಅಲುಗದ ಕಟ್ಟಡ. ಒಳಗೆ ನೆಲದ ಮೇಲೆ ಸಾಷ್ಟಾಂಗ ಬಿದ್ದಿರುವ ನಾಯಕರ ಮೂರು ಚಿತ್ರಗಳನ್ನು ಕೆತ್ತಿದ್ದಾರೆ. ದೇವರ ಮುಂದೆ ಬರುವ ಪ್ರತಿಯೊಬ್ಬರ ಕಾಲಡಿಯಲ್ಲಿ ಅರಸರೇ ಮಲಗಿದ್ದಾರೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಈ ಗುಡಿಯ ನಡುಕಂಬಗಳ ನಡುವಿನ ಅಂತರ 18 ಅಡಿ 6 ಅಂಗುಲ. ತೋಟದ ಜಮೀನು ಅಳೆಯಲು ಅದನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರು. ಅಂದರೆ ನೀವು ದಾರಿಯುದ್ದಕ್ಕೂ ನೋಡುವ ಅಡಿಕೆ ತೋಟಗಳಿಗೂ ಈ ಕಂಬಗಳಿಗೂ ನಂಟು ಇದೆ. ಆ ಕಂಬಗಳ ನಡುವೆ ಒಮ್ಮೆ ಹೆಜ್ಜೆ ಹಾಕಿ ನೋಡಿ. ಎದುರಿನ ಮಂಟಪದ ನಂದಿಗೂ ಹತ್ತು ನಿಮಿಷ ಕೊಡಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕರಾವಳಿಯಿಂದ ಘಟ್ಟ ಹತ್ತಿ ಇದೇ ಇಕ್ಕೇರಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಕಾಲ. ಬರುವ ದಾರಿಯಲ್ಲಿ ಒಂದು ಗುಡಿಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನೋಡಿ ಬರೆದಿಟ್ಟಿದ್ದಾನೆ. ದೊಡ್ಡ ಪಟ್ಟಣವಾಗಿದ್ದ ಇಕ್ಕೇರಿ ಈಗ ಸಣ್ಣ ಹಳ್ಳಿ. ಅರಮನೆ ಇಲ್ಲ, ಪೇಟೆ ಇಲ್ಲ. ಸಂಜೆ ಹೊತ್ತು ಗುಡಿಯ ಹಿಂದಿನ ಹುಲ್ಲಿನಲ್ಲಿ ಹತ್ತು ನಿಮಿಷ ಸುಮ್ನೆ ಕೂತರೆ ಆ ಊರು ಇಲ್ಲೇ ಎಲ್ಲೋ ಇತ್ತಲ್ಲ ಅನ್ನಿಸುತ್ತದೆ. ಬೆಳಕು ಉಳಿದಿದ್ದರೆ ವರದಾಮೂಲವನ್ನೂ ನೋಡಿ. ಅದೂ ಸಾಗರದಿಂದ 6 ಕಿ.ಮೀ. ದೂರದಲ್ಲೇ ಇದೆ. ವರದಾ ನದಿ ಅಲ್ಲಿ ಒಂದು ಕೊಳದಲ್ಲಿ ಹುಟ್ಟುತ್ತದೆ. ಘಟ್ಟದ ಇಷ್ಟು ಹತ್ತಿರ ಹುಟ್ಟಿದರೂ ಪಡುವಣ ಕಡಲಿಗೆ ಹೋಗದೆ ಬನವಾಸಿಯ ಕಡೆ ಹರಿದು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಎರಡನೇ ದಿನ ಸಾಮಾನು ಹೇರಿಕೊಂಡು ನಗರಕ್ಕೆ. ಇದು 55 ಕಿ.ಮೀ. ಆಸುಪಾಸು, ಬೆಳಗ್ಗೆ 7ಕ್ಕೆ ಬಿಡಿ. ನೇರ ಹೆದ್ದಾರಿಗೆ ಹೋಗದೆ ಹೆಗ್ಗೋಡಿನ ಮೇಲೆ ಹೋಗಿ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನಾಟಕ ಸಂಸ್ಥೆ ನೀನಾಸಂ ಇರುವ ಊರು ಅದು. ಹತ್ತಿರದ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘದ ಕೈಮಗ್ಗಗಳಿವೆ. ಪುರಪ್ಪೆಮನೆ ದಾಟಿ ಮುಂದೆ ಬಟ್ಟೆಮಲ್ಲಪ್ಪ ಅನ್ನುವ ಊರು ಸಿಗುತ್ತದೆ. ಬಟ್ಟೆ ಅಂದರೆ ಹಳಗನ್ನಡದಲ್ಲಿ ದಾರಿ. ಹಾಗಾಗಿ ನನಗೆ ಆ ಹೆಸರು ದಾರಿಹೋಕರನ್ನು ಕಾಯುವ ಮಲ್ಲಪ್ಪ ಅಂತಲೇ ಕೇಳಿಸುತ್ತದೆ. ಅಲ್ಲಿಂದ ಹೊಸನಗರ. ಊಟ ಅಲ್ಲಿ ಮಾಡಿ, ಯಾಕೆಂದರೆ ಮುಂದೆ ಹೋಟೆಲ್ ಕಡಿಮೆ. ಹೊಸನಗರದ ಹಳೆಯ ಹೆಸರು ಕಲ್ಲೂರುಕಟ್ಟೆ. ತಾಲ್ಲೂಕು ಕಚೇರಿ ನಗರದಿಂದ ಇಲ್ಲಿಗೆ ಬಂದ ಮೇಲೆ ಹೊಸ ನಗರವಾಯಿತು. ಇಲ್ಲಿಂದ ನಗರಕ್ಕೆ ಇನ್ನು 17 ಕಿ.ಮೀ.

ಈ ದಾರಿಯ ಕಾಡಿನ ಬಗ್ಗೆ ಸ್ವಲ್ಪ ಹೇಳಬೇಕು. ಬೆಂಗಳೂರಿನಿಂದ ಬಂದವರು ಹಸಿರು ಕಂಡಿದ್ದನ್ನೆಲ್ಲ ಕಾಡು ಅನ್ನುತ್ತಾರೆ. ನಮ್ಮ ಕಡೆ ಅದರಲ್ಲಿ ಮೂರು ಬಗೆ ಇದೆ. ಒಂದು ಕಾನು. ಮರ ಒತ್ತೊತ್ತಾಗಿ, ಬೇಸಿಗೆಯಲ್ಲೂ ಎಲೆ ಉದುರದೆ, ಹಗಲಲ್ಲೂ ನೆರಳು ಕಟ್ಟಿರುವ ಜಾಗ. ಎಷ್ಟೋ ಕಾನುಗಳನ್ನು ದೇವರ ಕಾಡು ಅಂತ ಕಾಪಾಡಿದ್ದರು, ಕಾಳುಮೆಣಸು ಹಬ್ಬುತ್ತಿದ್ದುದೂ ಅಲ್ಲೇ. ಎರಡನೆಯದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ತೋಟದವರಿಗೆ ಬಿಟ್ಟ ಜಾಗ. ಕೊಂಬೆ ಕಡಿದ ಮರಗಳು ಬೋಳಾಗಿ ನಿಂತಿದ್ದರೆ ಅದು ಬೆಟ್ಟ. ಮೂರನೆಯದು ಅಕೇಶಿಯ ನೆಡುತೋಪು. ಸಾಲಾಗಿ ನೆಟ್ಟಿದ್ದು, ಕೆಳಗೆ ಬೇರೇನೂ ಬೆಳೆಯದು, ಹಕ್ಕಿ ದನಿಯೂ ಕಡಿಮೆ. ಸೈಕಲ್ ಮೇಲೆ ಈ ಮೂರೂ ಕಣ್ಣು ಮುಚ್ಚಿದರೂ ಗೊತ್ತಾಗುತ್ತವೆ. ಕಾನಿನ ಅಂಚಿಗೆ ಬಂದ ತಕ್ಷಣ ಮುಖಕ್ಕೆ ತಂಪು ಬಡಿಯುತ್ತದೆ. ಅಕೇಶಿಯಕ್ಕೆ ಬಂದರೆ ಮತ್ತೆ ಸೆಕೆ. ಒಂದು ಕಾನು ಕಳೆದುಹೋದರೆ ಏನು ಕಳೆದುಹೋಯಿತು ಅಂತ ಯಾರಾದರೂ ಕೇಳಿದರೆ ನಾನು ಅವರನ್ನು ಈ ದಾರಿಯಲ್ಲಿ ಸೈಕಲ್ ಹೊಡೆಸುತ್ತೇನೆ.

ನಗರಕ್ಕೆ ಸಂಜೆ 4ರೊಳಗೆ ತಲುಪುವ ಹಾಗೆ ನೋಡಿಕೊಳ್ಳಿ. ಉಳಿಯಲು ಜಾಗ ಕಡಿಮೆ, ಸುತ್ತಮುತ್ತಲ ಹೋಮ್‌ಸ್ಟೇಗೆ ಮೊದಲೇ ಫೋನ್ ಮಾಡಿ. ಸಿಗದಿದ್ದರೆ ಹೊಸನಗರದಲ್ಲೇ ಲಾಡ್ಜ್ ಹಿಡಿದು, ನಗರಕ್ಕೆ ಮರುದಿನ ಹೋಗಿ. ಬೆಳಗಿನ ಮಂಜಿನಲ್ಲಿ ಕೋಟೆ ನೋಡುವುದೇ ಚೆಂದ. ಜಂಬಿಟ್ಟಿಗೆಯ ಗೋಡೆ, ಪಾಚಿ, ಒಳಗೆ ದರ್ಬಾರಿನ ಕಟ್ಟೆ, ಅಕ್ಕ-ತಂಗಿಯರ ಕೊಳ ಅನ್ನುವ ಜೋಡಿ ಕೊಳ. ಮೇಲೆ ನಿಂತು ನಾಲ್ಕೂ ಕಡೆ ನೋಡಿ. ಎಲ್ಲಿ ನೋಡಿದರೂ ಗುಡ್ಡ, ಗುಡ್ಡದ ಹಿಂದೆ ಗುಡ್ಡ. 1640ರ ಆಸುಪಾಸಿನಲ್ಲಿ ರಾಜಧಾನಿ ಇಲ್ಲಿಗೆ ಬಂದಿದ್ದಕ್ಕೆ ಈ ಗುಡ್ಡಗಳೇ ಒಂದು ಕಾರಣ. ಬಯಲಿನಿಂದ ಬರುವ ದಂಡಿಗೆ ಇದು ಸುಲಭದ ದಾರಿಯಲ್ಲ. ಇನ್ನೊಂದು ಕಾರಣ ಮೆಣಸು ಮತ್ತು ಅಕ್ಕಿ. ಇಲ್ಲಿಂದ ಘಟ್ಟ ಇಳಿದರೆ ಬಸ್ರೂರಿನಂಥ ಬಂದರುಗಳು ಹತ್ತಿರ. ಶಿವಪ್ಪ ನಾಯಕ ಇಲ್ಲಿಂದಲೇ ಆಳಿದ. ಜಮೀನಿನ ಗುಣ, ಬೆಳೆ ನೋಡಿ ಕಂದಾಯ ಗೊತ್ತು ಮಾಡಿದ ಅವನ ಪದ್ಧತಿಯನ್ನು ಶಿವಪ್ಪ ನಾಯಕನ ಶಿಸ್ತು ಅಂತ ಇವತ್ತಿಗೂ ಕರೆಯುತ್ತಾರೆ. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮ ಆಸರೆ ಕೊಟ್ಟಿದ್ದು ಈ ಬಿದನೂರಿನ ರಾಣಿಯಾಗಿದ್ದಾಗ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಅದರಲ್ಲಿ ನಗರ ಮಾತ್ರ ಉಳಿಯಿತು.

ಕೋಟೆಯಿಂದ ಮೂರು-ನಾಲ್ಕು ಕಿ.ಮೀ. ದೂರದಲ್ಲಿ ದೇವಗಂಗೆ ಕೊಳಗಳಿವೆ. ಗುಡ್ಡದಿಂದ ಬರುವ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುವ ಹಾಗೆ ಕಟ್ಟಿದ್ದಾರೆ. ಅದನ್ನು ಬಿಟ್ಟು ಬರಬೇಡಿ.

ಮೂರನೇ ದಿನ ನಗರದಿಂದ ಸಂಪೇಕಟ್ಟೆ, ನಿಟ್ಟೂರಿನ ಮೇಲೆ ತುಮರಿಯ ಕಡೆಗೆ. ನಾಲ್ಕು ದಿನಗಳಲ್ಲಿ ಇದೇ ಕಷ್ಟದ ದಿನ. ಒಂದೇ ಸಮನೆ ದೊಡ್ಡ ಘಟ್ಟ ಏನೂ ಇಲ್ಲ. ಆದರೆ ಸಣ್ಣ ಚಡಾವುಗಳು ಮುಗಿಯುವುದೇ ಇಲ್ಲ. ಇಳಿದಷ್ಟೂ ಮತ್ತೆ ಏರಬೇಕು. ಗಂಟೆಗೆ 10 ಕಿ.ಮೀ. ಲೆಕ್ಕ ಹಾಕಿಕೊಳ್ಳಿ, ಬೆಂಗಳೂರಿನ ವೇಗವನ್ನು ಇಲ್ಲಿ ನಂಬಬೇಡಿ. ಒಂದು ಕಡೆ 1343 ಮೀಟರ್ ಎತ್ತರದ ಕೊಡಚಾದ್ರಿ ಜೊತೆಗೇ ಬರುತ್ತದೆ. ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕವಲು ದಾರಿ ಬಂದಾಗಲೆಲ್ಲ ಸ್ಥಳೀಯರನ್ನೇ ಕೇಳಿ. ನೀರಿಗೆ ಚಿಂತೆ ಬೇಡ. ಯಾವ ಮನೆಯ ಅಂಗಳದಲ್ಲಿ ನಿಂತರೂ 'ಆಸರಿಗೆ ಏನು ಬೇಕು?' ಅಂತ ಕೇಳುತ್ತಾರೆ. ಬಾಯಾರಿಕೆಗೆ ಏನು ಕೊಡಲಿ ಅಂತ ಅದರ ಅರ್ಥ. ನೀರು ಬೆಲ್ಲ ಬರಬಹುದು, ಮಜ್ಜಿಗೆ ಬರಬಹುದು, ಮುರುಗಲ ಹಣ್ಣಿನ ಪಾನಕ ಬರಬಹುದು. ಬೇಡ ಅನ್ನಬೇಡಿ. ಜಗುಲಿಯಲ್ಲಿ ಕೂತು ಐದು ನಿಮಿಷ ಮಾತಾಡಿ ಮುಂದೆ ಹೋಗಿ.

ರಾತ್ರಿ ತುಮರಿ ಅಥವಾ ಸಿಗಂದೂರಿನಲ್ಲಿ ಉಳಿಯಬಹುದು. ಮಂಗಳವಾರ, ಶುಕ್ರವಾರ ಮತ್ತು ಸಂಕ್ರಾಂತಿ ಜಾತ್ರೆಯ ದಿನ ಸಿಗಂದೂರು ತುಂಬಿರುತ್ತದೆ, ಆ ದಿನ ತಪ್ಪಿಸಿ.

ನಾಲ್ಕನೇ ದಿನ ಕಳಸವಳ್ಳಿ-ಅಂಬಾರಗೋಡ್ಲು ಸೇತುವೆಯ ಮೇಲೆ ವಾಪಸ್ ಸಾಗರಕ್ಕೆ, ಸುಮಾರು 45 ಕಿ.ಮೀ. ಈ ಸೇತುವೆ ದಾಟುವಾಗ ಒಂದು ಮಾತು ನೆನಪಿರಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿಯ ನೀರು ಹಿಂದಕ್ಕೆ ಹರಡಿ ಎಷ್ಟೋ ಊರು ಮುಳುಗಿದವು. ತುಮರಿಯ ಕಡೆಯವರಿಗೆ ತಾಲ್ಲೂಕು ಕೇಂದ್ರದ ದಾರಿಯೇ ಕಡಿದುಹೋಯಿತು. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ, ಎಲ್ಲದಕ್ಕೂ ಲಾಂಚ್ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅವತ್ತಿಗೆ ಮುಗಿಯಿತು. ನಾಡಿಗೆ ಬೆಳಕು ಕೊಟ್ಟ ಜನ 60 ವರ್ಷ ಹೀಗೆ ಬದುಕಿದರು. 2025ರ ಜುಲೈ 14ರಂದು ಎರಡೂವರೆ ಕಿ.ಮೀ. ಉದ್ದದ ಸೇತುವೆ ತೆರೆಯಿತು. ನಾನು ಹತ್ತಾರು ಸಲ ಲಾಂಚ್‌ನಲ್ಲಿ ಸೈಕಲ್ ಹಿಡಿದು ನಿಂತು ದಾಟಿದವನು. ಆ ದಾಟುವಿಕೆ ಚೆಂದವಿತ್ತು, ನಿಜ. ಆದರೆ ನನಗದು ಪ್ರವಾಸ, ಅವರಿಗದು ದಿನದ ಪಾಡು. ಸೇತುವೆ ಆಗಿದ್ದು ನನಗೆ ಮನಸಾರೆ ಖುಷಿ. ಸೇತುವೆಯ ಮೇಲೆ ಅಡ್ಡಗಾಳಿ ಜೋರು ಇರುತ್ತದೆ, ಎರಡೂ ಕೈ ಹ್ಯಾಂಡಲ್ ಮೇಲೆ ಇರಲಿ. ಫೋಟೊಗೆ ನಡುವೆ ನಿಲ್ಲಬೇಡಿ. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನಿಂದ ಮೇಲೆ ಕಾಣುತ್ತದೆ.

ಇನ್ನು ತಿಂಗಳು. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಗರದ ಕಡೆಯ ಮಳೆ ಸೈಕಲ್‌ಗೆ ಹೇಳಿದ್ದಲ್ಲ. ರಸ್ತೆ ಕಾಣುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ, ಉಂಬಳ (ರಕ್ತ ಹೀರುವ ಜಿಗಣೆ) ಬೇರೆ. ನವೆಂಬರ್‌ನಲ್ಲಿ ಹಳ್ಳಗಳಲ್ಲಿ ನೀರು ಇರುತ್ತದೆ, ಆಕಾಶ ತೊಳೆದ ಹಾಗಿರುತ್ತದೆ, ಅಡಿಕೆ ಕೊಯ್ಲು ಶುರುವಾಗಿ ಅಂಗಳದಲ್ಲೆಲ್ಲ ಬೇಯಿಸಿದ ಅಡಿಕೆ ಹರಡಿರುತ್ತಾರೆ.

ಡಿಸೆಂಬರ್ ನಂತರ ಬರುವುದಾದರೆ ಮಂಗನ ಕಾಯಿಲೆಯ ವಿಷಯ ಗೊತ್ತಿರಬೇಕು. ಇದನ್ನು ಹೆದರಿಸಲು ಹೇಳುತ್ತಿಲ್ಲ, ಆದರೆ ಯಾರೂ ಹೇಳದೆ ಬಿಡುವುದು ತಪ್ಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಈ ವೈರಸ್ ಪತ್ತೆಯಾಯಿತು. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇವರೆಗೆ ಅಪಾಯ ಜಾಸ್ತಿ, ಆಗ ಸಾಸಿವೆ ಕಾಳಿಗಿಂತ ಸಣ್ಣ ಉಣುಗಿನ ಮರಿಗಳು ಕಾಡಿನ ದರಕಿನಲ್ಲಿರುತ್ತವೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಜನ ಸತ್ತರು. ಆ ಚಳಿಗಾಲದ ನೋವು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಡಾಂಬರು ರಸ್ತೆಯಲ್ಲಿ ಸೈಕಲ್ ಹೊಡೆಯುವಾಗ ಅಪಾಯ ಕಡಿಮೆ. ಸುಸ್ತಾಗಿ ಮರದ ಕೆಳಗೆ ದರಕಿನ ಮೇಲೆ ಮಲಗಿದಾಗ, ಸೈಕಲನ್ನು ಪೊದೆಗೆ ಒರಗಿಸಿದಾಗ, ಮೂತ್ರಕ್ಕೆ ಕಾಡಿನ ಒಳಗೆ ಹೋದಾಗ ಉಣುಗು ಹತ್ತುತ್ತದೆ. ನಾನೇ ಒಮ್ಮೆ ಏಪ್ರಿಲ್‌ನಲ್ಲಿ ಹಾಗೆ ಅರ್ಧ ಗಂಟೆ ಒರಗಿದ್ದೆ. ರಾತ್ರಿ ಸ್ನಾನ ಮಾಡುವಾಗ ಮೊಣಕಾಲ ಹಿಂದೆ ಎರಡು ಉಣುಗು ಕಚ್ಚಿಕೊಂಡಿದ್ದವು. ಏನೂ ಆಗಲಿಲ್ಲ, ಆದರೆ ಮುಂದಿನ ಹತ್ತು ದಿನ ಜ್ವರ ಬರುತ್ತದಾ ಅಂತ ಕಾದಿದ್ದು ನೆನಪಿದೆ.

ಹಾಗಾಗಿ ವಿಶ್ರಾಂತಿಗೆ ಬಸ್ ಸ್ಟಾಪು, ಗುಡಿ, ಮನೆಯ ಜಗುಲಿ ಹುಡುಕಿ. ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ, ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಆರೋಗ್ಯ ಇಲಾಖೆಯವರು ಕಾಡಂಚಿನ ಜನಕ್ಕೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೊಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಗಂಡ ಹೆಂಡತಿ ಒಬ್ಬರ ಬೆನ್ನು, ಕುತ್ತಿಗೆ, ಕಿವಿಯ ಹಿಂದೆ ಇನ್ನೊಬ್ಬರು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆ ಊರಿನವರಿಗೆ ತಿಳಿಸಿ. ವಾಪಸ್ ಹೋದ ವಾರದಲ್ಲಿ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ 'ಸಾಗರದ ಕಾಡಿನ ಕಡೆ ಹೋಗಿದ್ದೆ' ಅನ್ನುವುದನ್ನು ಮೊದಲು ಹೇಳಿ. ಬೆಂಗಳೂರಿನಲ್ಲಿ ಅವರಿಗೆ ಅದು ತಟ್ಟನೆ ಹೊಳೆಯಬೇಕು ಅಂತಿಲ್ಲ.

ಪ್ರಾಣಿಗಳ ವಿಷಯದಲ್ಲಿ ಒಂದೇ ಮಾತು: ಸೈಕಲ್ ಸದ್ದು ಮಾಡುವುದಿಲ್ಲ. ತಿರುವಿನಲ್ಲಿ ಕಾಡುಕೋಣ ನಿಂತಿದ್ದರೆ ಅದಕ್ಕೂ ಗಾಬರಿ, ನಿಮಗೂ ಗಾಬರಿ. ಕುರುಡು ತಿರುವಿನಲ್ಲಿ ಬೆಲ್ ಹೊಡೆಯಿರಿ, ಸಂಜೆ 6ರ ಮೇಲೆ ರಸ್ತೆಯಲ್ಲಿ ಇರಬೇಡಿ. ರಸ್ತೆ ಬಿಟ್ಟು ಕಾಡಿನ ಒಳದಾರಿಗೆ ಇಳಿಯಬೇಡಿ. ಬಹಳ ಕಡೆ ಅದು ಅಭಯಾರಣ್ಯ, ಅರಣ್ಯ ಇಲಾಖೆಯ ಅನುಮತಿ ಬೇಕು. ನಾಯಿ ಬೆನ್ನು ಹತ್ತಿದರೆ ಓಡಿಸಿಕೊಂಡು ಹೋಗಬೇಡಿ. ಇಳಿದು ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಿರಿ, ಅದು ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ಹೈಬ್ರಿಡ್ ಸಾಕು, ಹೊಸದು ಕೊಳ್ಳಬೇಡಿ. ಟೈರ್ ಮಾತ್ರ 35 ಮಿ.ಮೀ.ಗಿಂತ ಸಣ್ಣದಾಗಿದ್ದರೆ ಬದಲಾಯಿಸಿ, ಅಲ್ಲಲ್ಲಿ ಜಂಬಿಟ್ಟಿಗೆಯ ಕೆಂಪು ಜಲ್ಲಿ ಸಿಗುತ್ತದೆ. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಬೆನ್ನಿಗೆ ಬ್ಯಾಗ್ ಹಾಕಬೇಡಿ, ಹಿಂದಿನ ಕ್ಯಾರಿಯರ್‌ಗೆ ಕಟ್ಟಿ. ಒಬ್ಬೊಬ್ಬರಿಗೆ ಎರಡು ಟ್ಯೂಬ್, ಪಂಪು, ಚೈನ್ ಲಿಂಕ್ ಇರಲಿ. ಹಳ್ಳಿಯ ಅಂಗಡಿಯಲ್ಲಿ ನಿಮ್ಮ ಅಳತೆಯ ಟ್ಯೂಬ್ ಸಿಗುವುದಿಲ್ಲ.

ಬರುವುದಕ್ಕೆ ಮೈಸೂರು-ತಾಳಗುಪ್ಪ ರಾತ್ರಿ ರೈಲು ಬೆಂಗಳೂರಿನ ಮೇಲೆ ಬರುತ್ತದೆ, ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಸೈಕಲನ್ನು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ಬುಕ್ ಮಾಡಬೇಕು. ಆದರೆ ಸಾಗರದಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ನಾನು ಪಾರ್ಸೆಲನ್ನು ಕೊನೆಯ ನಿಲ್ದಾಣ ತಾಳಗುಪ್ಪಕ್ಕೇ ಬುಕ್ ಮಾಡಿ ಅನ್ನುತ್ತೇನೆ. ಅಲ್ಲಿ ಅವಸರ ಇರುವುದಿಲ್ಲ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಿಂದಿನ ಡೆರೈಲರ್‌ಗೆ ಹಳೆಯ ಬಟ್ಟೆ ಸುತ್ತಿ ಕಳಿಸಿ. ತಾಳಗುಪ್ಪದಿಂದ ಸಾಗರಕ್ಕೆ 15 ಕಿ.ಮೀ. ಹೆದ್ದಾರಿ. ಬೆಳಗಿನ ಹೊತ್ತು ಲಾರಿ ಕಡಿಮೆ, ಸೈಕಲ್ ಸರಿಯಾಗಿ ಜೋಡಿಸಿದ್ದೀರಾ ಅಂತ ನೋಡಿಕೊಳ್ಳಲು ಅಷ್ಟು ದೂರ ಸಾಕು. ಗೇರ್ ಸದ್ದು ಮಾಡಿದರೆ ಸಾಗರದಲ್ಲೇ ಸರಿ ಮಾಡಿಸಿ. ಆಮೇಲೆ ನಾಲ್ಕು ದಿನ ರಿಪೇರಿ ಅಂಗಡಿ ಹುಡುಕುವುದು ಕಷ್ಟ.